ಮೂವತ್ತು ಸೆಕೆಂಡಿನ ಅತ್ತೆ

ಅತ್ತೆಯನ್ನು ಒಂದೇ ಒಂದು ಸಲ ಸೋಲಿಸಬೇಕು ಅನ್ನುವುದು ಮದುವೆಯಾದಾಗಿನಿಂದ ನನ್ನ ತಲೆ ಹೊಕ್ಕಿದ್ದ ಹುಳ. ಮಾತಿನಲ್ಲಿ ನಾನು ಅವರನ್ನು ಎಂದೋ ಸೋಲಿಸಿಯಾಗಿತ್ತು. ನನಗೆ ಬೇಕಾಗಿದ್ದು ಪೂಲ್ ಟೇಬಲಿನ ಮೇಲಿನ ಗೆಲುವು.

ನಮ್ಮ ಬೀದಿಯ ಟೈರ್ ಅಂಗಡಿಯ ಮಹಡಿಯಲ್ಲಿ ಪೂಲ್ ಹಾಲ್ ಇದೆ. ನಾಲ್ಕು ಟೇಬಲ್, ಅವುಗಳ ಮೇಲೆ ತೂಗುವ ದೀಪ, ಕೂತರೆ ಕಿರ್ರೆನ್ನುವ ಬೆಂಚುಗಳು, ಕೆಳಗಿನಿಂದ ಮೆಟ್ಟಿಲು ಹತ್ತಿ ಬರುವ ರಬ್ಬರ್ ವಾಸನೆ. ಹಾಲಿನ ಯಜಮಾನನನ್ನು ಎಲ್ಲರೂ ಮೀಸೆ ಅನ್ನುತ್ತಾರೆ, ಅವನು ಮೀಸೆ ಬೋಳಿಸಿ ಎಷ್ಟೋ ವರ್ಷವಾಗಿದ್ದರೂ. ಅತ್ತೆಗೆ ಆಟ ಕಲಿಸಿದ್ದು ನಮ್ಮ ಮಾವನವರಂತೆ. ಕಲಿಸಿದ ಮೇಲೆ ಮಾವ ಒಮ್ಮೆಯೂ ಗೆಲ್ಲಲಿಲ್ಲವಂತೆ.

ಅತ್ತೆಯದು ಬಟ್ಟೆ ಆಲ್ಟರೇಶನ್ ಅಂಗಡಿ. ಅಲ್ಲಿ ಹೊಲಿಯುವುದಕ್ಕಿಂತ ಬಿಚ್ಚುವ ಕೆಲಸವೇ ಜಾಸ್ತಿ. ಒಂದು ಕೋಟಿನ ತೋಳು ಬಿಚ್ಚಲು ಕೂತರೆಂದರೆ ಬಿಸಿಲು ಈ ಗೋಡೆಯಿಂದ ಆ ಗೋಡೆಗೆ ಹೋಗಿರುತ್ತದೆ, ಬಟ್ಟೆಯ ಒಂದು ನೂಲೂ ಹರಿದಿರುವುದಿಲ್ಲ. ನನ್ನದು ಬೇಕರಿಯಲ್ಲಿ ಓವನ್ ಮುಂದಿನ ಕೆಲಸ. ಅಲ್ಲಿ ಯೋಚನೆ ಮಾಡುತ್ತಾ ನಿಂತರೆ ಬ್ರೆಡ್ ಸೀದು ಹೋಗುತ್ತದೆ. ನಮ್ಮಿಬ್ಬರ ಆಟವೂ ಹಾಗೆಯೇ ಇತ್ತು. ನಾನು ಬಂದವಳೇ ಢಣಾರನೆ ಹೊಡೆಯುವವಳು, ಅವರು ಟೇಬಲಿಗೆ ಎರಡು ಸುತ್ತು ಹಾಕಿ, ಕನ್ನಡಕ ಒರೆಸಿ, ಸ್ಟಿಕ್ಕಿನ ತುದಿಗೆ ಚಾಕ್ ಹಚ್ಚಿ, ಮತ್ತೆ ಒಂದು ಸುತ್ತು ಹಾಕುವವರು. ಅಷ್ಟರಲ್ಲಿ ನನಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರಿಗೆ ಬಣ್ಣದ ಚೆಂಡುಗಳು, ಇನ್ನೊಬ್ಬರಿಗೆ ಪಟ್ಟೆಯ ಚೆಂಡುಗಳು. ಬಿಳಿ ಚೆಂಡಿನಿಂದ ಹೊಡೆದು ನಿಮ್ಮವನ್ನೆಲ್ಲ ಪಾಕೆಟ್ಟಿಗೆ ಬೀಳಿಸಬೇಕು, ಕೊನೆಗೆ ಕರಿ ಚೆಂಡನ್ನು ಬೀಳಿಸಿದವರು ಗೆದ್ದಂತೆ. ಬಿಳಿಯು ನಿಮ್ಮ ಚೆಂಡಿಗೆ ತಾಗದಿದ್ದರೆ ಅದು ಫೌಲ್. ನಮ್ಮ ಹಾಲಿನ ಹಳೆಯ ನಿಯಮದಲ್ಲಿ ಫೌಲಿಗೆ ಅಂಥ ದೊಡ್ಡ ಶಿಕ್ಷೆಯೇನೂ ಇರಲಿಲ್ಲ. ಎದುರಾಳಿ ಬಿಳಿಯನ್ನು ಟೇಬಲಿನ ಒಂದು ತುದಿಯಲ್ಲಿ ಎಳೆದ ಗೆರೆಯ ಹಿಂದೆ ಇಟ್ಟು, ಗೆರೆಯಿಂದ ಮುಂದಿರುವ ಚೆಂಡಿಗೆ ಮಾತ್ರ ಹೊಡೆಯಬೇಕಿತ್ತು.

ಅತ್ತೆಯ ಬುದ್ಧಿಯೆಲ್ಲ ಇದ್ದದ್ದು ಇಲ್ಲೇ. ಅವರು ನಯವಾಗಿ, ಒಂದೊಂದಾಗಿ, ನನ್ನ ಚೆಂಡುಗಳನ್ನು ಆ ಗೆರೆಯ ಹಿಂದಕ್ಕೆ ತಳ್ಳುತ್ತಿದ್ದರು. ಆಮೇಲೆ ಬೇಕೆಂತಲೇ ಒಂದು ಫೌಲ್ ಮಾಡಿ, "ಆಡು ಕಣೇ, ನಿಂದೇ ಸರದಿ" ಅನ್ನುತ್ತಿದ್ದರು. ಆಡುವುದೇನನ್ನು? ನನ್ನ ಚೆಂಡುಗಳೆಲ್ಲ ಗೆರೆಯ ಹಿಂದೆ, ನಾನು ಹೊಡೆಯಬೇಕಾದ್ದು ಗೆರೆಯ ಮುಂದೆ! ಇದಕ್ಕೆ ಹಾಲಿನಲ್ಲಿ ಬೀಗ ಅಂತ ಹೆಸರು. ಅತ್ತೆ ಬೀಗ ಹಾಕಿದರೆಂದರೆ ಬೆಂಚಿನಲ್ಲಿ ಕೂತವರು ಟೀ ಕುಡಿಯಲು ಎದ್ದು ಹೋಗುತ್ತಿದ್ದರು. ನಾನು ಸಿಟ್ಟಿಗೆದ್ದು ಏನೋ ಒಂದು ಹೊಡೆದು, ಸೋತು, ಮನೆಯವರೆಗೂ ದುಸುಗುಟ್ಟುತ್ತಾ ಹೋಗುತ್ತಿದ್ದೆ. ಪ್ರತಿವರ್ಷ ಎಲ್ಲ ಪೂಲ್ ಹಾಲ್‌ಗಳೂ ಸೇರಿ ನಡೆಸುವ ದೊಡ್ಡ ಪಂದ್ಯಕ್ಕೆ ನಮ್ಮ ಹಾಲಿನಿಂದ ಒಬ್ಬರಿಗೆ ಮಾತ್ರ ಜಾಗ. ಆ ಜಾಗ ಅತ್ತೆಯದ್ದೇ. ಬೇರೆ ಯಾರ ಬೇಳೆಯೂ ಅಲ್ಲಿ ಬೇಯುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಮೀಸೆ ಎಲ್ಲರನ್ನೂ ಕರೆದು ಕೂರಿಸಿದ.

"ನೋಡ್ರಪ್ಪ, ದೊಡ್ಡ ಪಂದ್ಯದ ನಿಯಮ ಬದಲಾಗಿದೆ. ಫೌಲ್ ಆದ್ರೆ ಎದುರಿನವರು ಬಿಳೀನ ಟೇಬಲ್ ಮೇಲೆ ಎಲ್ಲಿ ಬೇಕಾದ್ರೂ ಇಟ್ಕೊಂಡು ಹೊಡೀಬಹುದು. ಒಂದು ಹೊಡೆತಕ್ಕೆ ಮೂವತ್ತು ಸೆಕೆಂಡು, ಮೀರಿದ್ರೆ ಅದೂ ಫೌಲು. ಕರಿ ಯಾವ ಪಾಕೆಟ್ಟಿಗೆ ಅಂತ ಮೊದ್ಲೇ ಹೇಳ್ಬೇಕು. ಕರಿ ಜೊತೆ ಬಿಳೀನೂ ಬಿದ್ರೆ ಆಟ ಸೋತಂತೆ, ನಮ್ಮಲ್ಲಿದ್ದ ಹಾಗೆ ಕರೀನ ವಾಪಸ್ ಇಟ್ಟು ಮುಂದುವರ್ಸೋದೆಲ್ಲ ಇಲ್ಲ. ನಮ್ಮ ಆಯ್ಕೆ ಪಂದ್ಯಾನೂ ಹೀಗೇ ಆಡೋಣ್ವಾ, ಹಳೇದೇ ಇರ್ಲಾ, ನೀವೇ ಹೇಳಿ."

ನನ್ನ ಎದೆ ಕುಣಿಯಿತು! ಎಲ್ಲಿ ಬೇಕಾದರೂ ಇಡಬಹುದೆಂದರೆ ಬೀಗಕ್ಕೆ ಬೆಲೆಯೆಲ್ಲಿ? ಮೂವತ್ತು ಸೆಕೆಂಡಿನಲ್ಲಿ ಅತ್ತೆಗೆ ಕನ್ನಡಕ ಒರೆಸಲೂ ಸಾಲದು. ಈ ನಿಯಮ ಬರೆದ ಪುಣ್ಯಾತ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡೇ ಬರೆದಿರಬೇಕು ಅನ್ನಿಸಿತು. ನಾನು ಎದ್ದು ನಿಂತು ಭಾಷಣವನ್ನೇ ಬಿಗಿದೆ. ಆಟ ಅಂದರೆ ಓಡಬೇಕು, ನೋಡುವವರು ಆಕಳಿಸಬಾರದು, ಕಾಲಕ್ಕೆ ತಕ್ಕಂತೆ ನಾವೂ ನಡೆಯಬೇಕು ಅಂತೆಲ್ಲ. ಅತ್ತೆಯ ಕಡೆ ಒಮ್ಮೆಯೂ ನೋಡಲಿಲ್ಲ.

ಹೊಸ ನಿಯಮಕ್ಕೆ ಎಷ್ಟೊಂದು ಕೈ ಎದ್ದವು! ಹಳೆಯದಕ್ಕೆ ಎದ್ದದ್ದು ಅತ್ತೆಯದೊಂದು, ಕಿವಿ ಸರಿಯಾಗಿ ಕೇಳದ ನಿವೃತ್ತ ಪೋಸ್ಟ್‌ಮಾಸ್ಟರರದೊಂದು. ನನ್ನ ಗಂಡ ಎರಡು ಸಲವೂ ಅರ್ಧರ್ಧ ಕೈ ಎತ್ತಿ ತಲೆ ಕೆರೆದುಕೊಂಡ.

ಅತ್ತೆ ಸ್ಟಿಕ್ಕನ್ನು ಚೀಲಕ್ಕೆ ಹಾಕಿಕೊಂಡರು. "ಇದು ಪೂಲ್ ಅಲ್ಲ, ಬಸ್ ಹಿಡಿಯೋ ಆಟ. ನಂಗೆ ಬೇಡಪ್ಪ" ಅಂದು ಮೆಟ್ಟಿಲಿಳಿದು ಹೋದರು.

ಅಂದಿನಿಂದ ಅವರು ಹಾಲಿನ ಕಡೆ ತಲೆ ಹಾಕಲಿಲ್ಲ. ಮನೆಯಲ್ಲೂ ಆಟದ ವಿಷಯಕ್ಕೆ ತುಟಿ ಪಿಟಕ್ಕೆನ್ನಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಾನು ಗಂಡನಿಗೆ ಬೇಕೆಂದೇ ಜೋರಾಗಿ ನನ್ನ ಹೊಡೆತಗಳನ್ನು ವರ್ಣಿಸುತ್ತಿದ್ದೆ. ಅವನು ತಟ್ಟೆಯನ್ನೇ ನೋಡುತ್ತಾ ಹೂಂ ಅನ್ನುತ್ತಿದ್ದ. ಸೈನ್‌ಬೋರ್ಡ್ ಬರೆಯುವ ಮನುಷ್ಯ ಅವನು, ಅಕ್ಷರಗಳ ನಡುವೆ ಎಷ್ಟು ಜಾಗ ಬಿಡಬೇಕೆಂದು ಗೊತ್ತು, ಅಮ್ಮನಿಗೂ ಹೆಂಡತಿಗೂ ನಡುವೆ ಎಲ್ಲಿ ನಿಲ್ಲಬೇಕೆಂದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಆದರೆ ಹಾಲಿನಲ್ಲಿ ನಡೆಯುತ್ತಿದ್ದುದೇ ಬೇರೆ. ಮೊದಲ ವಾರ ನಾನು ಹೊಡೆದದ್ದೇ ಹೊಡೆದದ್ದು. ಎರಡನೆಯ ವಾರದ ಹೊತ್ತಿಗೆ ಉಳಿದವರಿಗೂ ಹೊಸ ನಿಯಮದ ರುಚಿ ಹತ್ತಿತು. ಮೊದಲು ನನ್ನ ಕೈ ತಪ್ಪಿ ಫೌಲ್ ಆದರೆ ಏನೂ ಮುಳುಗುತ್ತಿರಲಿಲ್ಲ. ಈಗ ಒಂದು ಫೌಲ್ ಆಯಿತೋ, ಎದುರಿನವನು ಬಿಳಿಯನ್ನು ಎತ್ತಿ ತನಗೆ ಬೇಕಾದಲ್ಲಿ ಇಟ್ಟುಕೊಂಡು ಸಾಲಾಗಿ ಬೀಳಿಸಿಬಿಡುತ್ತಿದ್ದ, ನಾನು ಬೆಂಚಿನಲ್ಲಿ ಕೂತು ನೋಡಬೇಕು. ನಾಲ್ಕು ಸಲ ಹಾಗೆ ಸುಟ್ಟುಕೊಂಡ ಮೇಲೆ ನನಗೆ ಹೆದರಿಕೆ ಹುಟ್ಟಿತು. ಹೊಡೆಯುವ ಮೊದಲು ಬಗ್ಗಿ ನೋಡತೊಡಗಿದೆ. ಆಮೇಲೆ ಎರಡು ಕಡೆಯಿಂದ ಬಗ್ಗಿ ನೋಡತೊಡಗಿದೆ. ಒಂದು ದಿನ ಮೀಸೆ, "ಏನು ತಂಗಿ, ಟೇಬಲ್ ಸುತ್ತ ಪ್ರದಕ್ಷಿಣೆ ಹಾಕ್ತಿದೀಯ?" ಅಂದಾಗಲೇ ನನಗೆ ಗೊತ್ತಾದದ್ದು. ನಾಚಿಕೆಯಾಯಿತು. ಆದರೂ ಸುತ್ತುವುದು ನಿಲ್ಲಲಿಲ್ಲ.

ಆಯ್ಕೆ ಪಂದ್ಯದ ಮೊದಲ ಸಂಜೆ ನಾನು ಬೇಕರಿಯಿಂದ ಓಡೋಡಿ ಬಂದರೆ ಬೆಂಚಿನಲ್ಲಿ ಅತ್ತೆ ಕೂತಿದ್ದಾರೆ, ತೊಡೆಯ ಮೇಲೆ ಸ್ಟಿಕ್ಕಿನ ಚೀಲ!

"ಆಡಲ್ಲ ಅಂದಿದ್ರಿ?"

"ಸೋತೇ ಬಿಡೋಣ ಅಂತ ಬಂದೆ. ಆಡದೇ ಬಿಟ್ಲು ಅನ್ನಿಸಿಕೊಳ್ಳೋದಕ್ಕಿಂತ ಸೋತು ಬಿಟ್ಲು ಅನ್ನಿಸಿಕೊಳ್ಳೋದು ಮೇಲು. ಇವತ್ತು ಸೋತ್ರೆ ಈ ಸ್ಟಿಕ್ಕು ಇನ್ನು ಬಟ್ಟೆ ಒಣಗಿಸೋಕೆ."

ಅವರ ಎದುರಾಳಿ ಕೆಳಗಿನ ಟೈರ್ ಅಂಗಡಿಯವನು, ಮೂರರಲ್ಲಿ ಎರಡು ಆಟ ಗೆದ್ದವರು ಮುಂದಕ್ಕೆ. ಮೊದಲ ಆಟ ನೋಡಲಾಗಲಿಲ್ಲ. ಅತ್ತೆ ಒಂದು ಸುತ್ತು ಹಾಕುವಷ್ಟರಲ್ಲಿ ಮೂವತ್ತು ಸೆಕೆಂಡು ಮುಗಿದ ಗಂಟೆ. ಬಗ್ಗಿ ಗುರಿ ಹಿಡಿದರು, ಗಂಟೆ. ಕನ್ನಡಕ ತೆಗೆದರು, ಗಂಟೆ. ಅವರು ಒಂದು ಚೆಂಡನ್ನೂ ಬೀಳಿಸದೆ ಸೋತರು. ಬೆಂಚಿನಲ್ಲಿ ಯಾರೋ ಅಯ್ಯೋ ಪಾಪ ಅಂದರು. ನಾನು ಎಷ್ಟು ವರ್ಷದಿಂದ ನೋಡಬೇಕೆಂದು ಕಾದಿದ್ದ ದೃಶ್ಯ ಅದು, ಆದರೆ ನಾನು ಮುಖ ಬೇರೆ ಕಡೆ ತಿರುಗಿಸಿಕೊಂಡೆ.

ಎರಡನೆಯ ಆಟದ ನಡುವೆ ಮತ್ತೆ ಹತ್ತೇ ಸೆಕೆಂಡು ಉಳಿದಿತ್ತು. ಅತ್ತೆಯ ಮುಖ ಕೆಂಪಾಯಿತು. "ಹಾಳಾಗಿ ಹೋಗ್ಲಿ ಅತ್ಲಾಗೆ!" ಅಂದವರೇ ಬಗ್ಗಿ, ಗುರಿಯನ್ನೂ ನೋಡದೆ, ಢಣ್ ಅಂತ ಹೊಡೆದರು. ಒಂದು ಚೆಂಡು ಆ ಮೂಲೆಗೆ ಬಿತ್ತು. ಇನ್ನೊಂದು ಈ ಮೂಲೆಗೆ ಬಿತ್ತು. ಎರಡೂ ಅವರವೇ!

ಅತ್ತೆ ಸ್ಟಿಕ್ಕನ್ನೊಮ್ಮೆ ನೋಡಿದರು. ಟೇಬಲನ್ನೊಮ್ಮೆ ನೋಡಿದರು. ಆಮೇಲೆ ನಕ್ಕರು. ಕಿಲಕಿಲ ಅಂತ, ಹೊಟ್ಟೆ ಹಿಡಿದುಕೊಂಡು. ಆ ಹಾಲಿನಲ್ಲಿ ಅವರು ನಕ್ಕದ್ದನ್ನು ಯಾರೂ ಕೇಳಿರಲಿಲ್ಲ.

ಅಲ್ಲಿಂದ ಮುಂದೆ ಅವರನ್ನು ಹಿಡಿಯುವವರಿರಲಿಲ್ಲ. ಎಷ್ಟೋ ವರ್ಷ ಸುತ್ತಿ ಸುತ್ತಿ ನೋಡಿದ ಲೆಕ್ಕವೆಲ್ಲ ಕೈಯಲ್ಲೇ ಕೂತಿತ್ತೋ ಏನೋ, ತಲೆ ಸುಮ್ಮನಾದದ್ದೇ ಕೈ ಮಾತಾಡತೊಡಗಿತು. ಹೊಡೆಯುವುದು, ನಗುವುದು, ಚೆಂಡು ನಿಲ್ಲುವ ಮೊದಲೇ ಮುಂದಿನ ಜಾಗಕ್ಕೆ ಓಡುವುದು. ಟೈರ್ ಅಂಗಡಿಯವನಿಗೆ ನೀರು ಕುಡಿಸಿದರು. ಮರುದಿನ ಇನ್ನಿಬ್ಬರಿಗೆ. ಟೀ ಕುಡಿಯಲು ಎದ್ದು ಹೋಗುತ್ತಿದ್ದವರು ಈಗ ಅತ್ತೆಯ ಆಟಕ್ಕೆ ಬೆಂಚಿನ ಮೇಲೆ ಹತ್ತಿ ನಿಂತು ನೋಡುತ್ತಿದ್ದರು. ಇನ್ನೊಂದು ಕಡೆಯಿಂದ ನಾನೂ ಗೆಲ್ಲುತ್ತಾ ಬಂದೆ, ಹೆದರುತ್ತಾ, ಸುತ್ತುತ್ತಾ, ಒಂದು ಚೆಂಡು ಬೀಳಿಸಿ ಎರಡು ಸಲ ಬಿಳಿಯನ್ನು ನನ್ನ ಚೆಂಡುಗಳ ಹಿಂದೆ ಬಚ್ಚಿಡುತ್ತಾ. ನನ್ನ ಆಟದ ಹೊತ್ತಿಗೆ ಬೆಂಚು ಅರ್ಧ ಖಾಲಿಯಾಗುತ್ತಿತ್ತು.

ಫೈನಲ್ಲಿಗೆ ಉಳಿದದ್ದು ನಾವಿಬ್ಬರೇ.

ಆ ಭಾನುವಾರ ಮಧ್ಯಾಹ್ನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಡಿಯಾರ ಹಿಡಿಯಲು ಯಾರೂ ಒಪ್ಪಲಿಲ್ಲ. ಕೊನೆಗೆ ಮೀಸೆ ಗಡಿಯಾರವನ್ನೂ ಗಂಟೆಯನ್ನೂ ನನ್ನ ಗಂಡನ ಕೈಗೆ ಕೊಟ್ಟ. "ಇಬ್ಬರಿಗೂ ಒಂದೇ ಸಮ ಹೆದರೋನು ಇವನೊಬ್ನೇ" ಅಂದ. ಎಲ್ಲರೂ ನಕ್ಕರು, ನನ್ನ ಗಂಡನೊಬ್ಬನನ್ನು ಬಿಟ್ಟು.

ಮೊದಲು ನಾಲ್ಕು ಆಟ ಗೆದ್ದವರಿಗೆ ದೊಡ್ಡ ಪಂದ್ಯದ ಜಾಗ. ಅತ್ತೆ ಬಿರುಗಾಳಿಯ ಹಾಗೆ ಎರಡು ಆಟ ಎತ್ತಿಕೊಂಡು ಹೋದರು. ನಾನು ಬಚ್ಚಿಟ್ಟು, ಕಾಡಿಸಿ, ಎರಡು ಗೆದ್ದು ಸಮ ಮಾಡಿದೆ. ಐದನೆಯ ಆಟದಲ್ಲಿ ಒಂದು ಚೆಂಡಿನ ಮುಂದೆ ನಿಂತುಬಿಟ್ಟೆ. ಹೊಡೆದರೆ ಬೀಳಬಹುದು, ಬೀಳದಿದ್ದರೆ ಅತ್ತೆಗೆ ದಾರಿ ತೆರೆಯುತ್ತದೆ. ಈ ಕಡೆಯಿಂದ ನೋಡಿದೆ. ಆ ಕಡೆಯಿಂದ ನೋಡಿದೆ. ಟಿಣ್ ಅಂತ ಗಂಟೆ ಹೊಡೆಯಿತು.

"ಟೈಮ್ ಆಯ್ತು," ಅಂದ ನನ್ನ ಗಂಡ, ನೆಲ ನೋಡುತ್ತಾ.

ಹಾಲಿಗೆ ಹಾಲೇ ಘೊಳ್ಳೆಂದಿತು. ಗಡಿಯಾರ ಬೇಕು ಅಂತ ಭಾಷಣ ಬಿಗಿದವಳು ನಾನೇ ಅಲ್ಲವೇ! ನಾನು ಗಂಡನನ್ನು ಹೇಗೆ ನೋಡಿದೆನೆಂದರೆ ಅವನು ಗಂಟೆಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅತ್ತೆ ಮಾತ್ರ ಮೆತ್ತಗೆ, "ಶುರೂನಲ್ಲಿ ಹಾಗೇ ಆಗತ್ತೆ ಕಣೇ, ನಂಗೂ ಆಯ್ತು," ಅಂದು ಬಿಳಿಯನ್ನು ತಮಗೆ ಬೇಕಾದಲ್ಲಿ ಇಟ್ಟುಕೊಂಡು ಆಟ ಮುಗಿಸಿದರು. ಆ ಸಮಾಧಾನದ ಮಾತು ನನಗೆ ಉರಿ ಹತ್ತಿಸಿತು. ಆರನೆಯದನ್ನು ಹಲ್ಲು ಕಚ್ಚಿ ಗೆದ್ದೆ.

ಮೂರು ಮೂರು. ಉಳಿದದ್ದು ಒಂದೇ ಆಟ.

ಆ ಆಟದಲ್ಲಿ ಅತ್ತೆ ತಮ್ಮ ಏಳೂ ಚೆಂಡುಗಳನ್ನು ಓಡಿ ಓಡಿ ಬೀಳಿಸಿದರು. ಕರಿಗೆ ಹೊಡೆದದ್ದು ಕೂದಲೆಳೆಯಷ್ಟು ತಪ್ಪಿ, ಕರಿ ದೂರದ ಮೂಲೆಯ ಪಾಕೆಟ್ಟಿನ ಬಾಯಿಯಲ್ಲಿ ನಿಂತಿತು, ಮುಟ್ಟಿದರೆ ಬೀಳುವ ಹಾಗೆ. ಸರದಿ ನನ್ನದು. ನನಗೆ ಇನ್ನೂ ಎರಡು ಚೆಂಡು ಬಾಕಿ, ಎರಡೂ ಕಷ್ಟದ ಜಾಗದಲ್ಲಿ. ಹೊಡೆದು ತಪ್ಪಿದರೆ ಮುಗಿಯಿತು, ಕರಿಯನ್ನು ಬೀಳಿಸಲು ಅತ್ತೆಗೆ ಊದಿದರೂ ಸಾಕು.

ಹಳೆಯ ನಾನಾಗಿದ್ದರೆ ಹಿಂದೆ ಮುಂದೆ ನೋಡದೆ ಬಾರಿಸಿಬಿಡುತ್ತಿದ್ದೆ. ಈಗ ಟೇಬಲಿಗೊಂದು ಸುತ್ತು ಹಾಕಿದೆ. ಗಂಡ "ಇನ್ನು ಹತ್ತು ಸೆಕೆಂಡು" ಅಂದ. ನಾನು ಉಸಿರು ಬಿಗಿಹಿಡಿದು ಬಿಳಿಯನ್ನು ಮೆಲ್ಲಗೆ, ಮಗುವನ್ನು ಮಲಗಿಸುವಷ್ಟು ಮೆಲ್ಲಗೆ ತಳ್ಳಿದೆ. ಅದು ನನ್ನ ಒಂದು ಚೆಂಡನ್ನು ಸವರಿತು, ಆ ಚೆಂಡು ಟೇಬಲಿನ ಅಂಚಿಗೆ ತಾಗಿ ಹಿಂದಿರುಗಿತು, ಬಿಳಿ ಹೋಗಿ ನನ್ನ ಎರಡೂ ಚೆಂಡುಗಳ ಬೆನ್ನ ಹಿಂದೆ ಅಡಗಿ ಕೂತಿತು. ಫೌಲ್ ಇಲ್ಲ, ಏನೂ ಇಲ್ಲ. ಅಲ್ಲಿಂದ ಕರಿಯ ಕಡೆಗೆ ನೇರ ದಾರಿಯೇ ಇಲ್ಲ!

"ಸೊಸೆ ಬೀಗ ಹಾಕಿದ್ಲು!" ಅಂತ ಪೋಸ್ಟ್‌ಮಾಸ್ಟರರು ಕೂಗಿದರು.

ನಿಜ ಹೇಳುತ್ತೇನೆ, ನನ್ನ ಬದುಕಿನಲ್ಲಿ ಅಷ್ಟು ಚೆಂದದ ಹೊಡೆತ ನಾನು ಹೊಡೆದಿರಲಿಲ್ಲ. ಹಳೆಯ ಬೀಗದಿಂದ ಎದುರಿನವರಿಗೆ ತಲೆನೋವಾಗುತ್ತಿತ್ತು, ಅಷ್ಟೇ. ಈ ಬೀಗ ಹಾಗಲ್ಲ. ಅತ್ತೆ ಕರಿಗೆ ತಾಗಿಸದೆ ಹೋದರೆ ಬಿಳಿ ನನ್ನ ಕೈಗೆ ಬರುತ್ತದೆ, ಎಲ್ಲಿ ಬೇಕಾದರೂ ಇಟ್ಟುಕೊಳ್ಳುತ್ತೇನೆ, ಎರಡು ಚೆಂಡು, ಆಮೇಲೆ ಕರಿ. ದೊಡ್ಡ ಪಂದ್ಯದ ಜಾಗ ನನ್ನ ಅಂಗೈಗೆ ಬಂದಾಗಿತ್ತು.

ಅತ್ತೆ ಟೇಬಲಿನ ಹತ್ತಿರ ಬಂದರು. ಬಿಳಿ ಕೂತ ಜಾಗ ನೋಡಿ ಹುಬ್ಬು ಹಾರಿಸಿದರು. "ಅಬ್ಬಾ! ಎಲ್ಲಿ ಕಲಿತೆ ಇದನ್ನ?" ಅಂದರು.

"ನಿಮ್ಮ ಹತ್ರಾನೇ," ಅಂದೆ.

ಅವರಿಗೆ ಖುಷಿಯಾದದ್ದು ಕಣ್ಣಲ್ಲೇ ಕಾಣುತ್ತಿತ್ತು. ಆದರೆ ಗಡಿಯಾರಕ್ಕೆ ಖುಷಿಯಿಲ್ಲ, ದುಃಖವಿಲ್ಲ.

"ಅಮ್ಮಾ, ಹತ್ತು," ಅಂದ ನನ್ನ ಗಂಡ.

ಅತ್ತೆ ಸ್ಟಿಕ್ಕನ್ನೆತ್ತಿ ಕರಿ ನಿಂತಿದ್ದ ಮೂಲೆಯ ಪಾಕೆಟ್ಟನ್ನು ತೋರಿಸಿದರು. "ಅಲ್ಲಿಗೆ."

ಕೆಲವರು ನಕ್ಕರು. ಕರಿಗೆ ತಾಗಿಸುವುದೇ ಕಷ್ಟ, ಈಯಮ್ಮ ಬೀಳಿಸುತ್ತೀನಿ ಅನ್ನುತ್ತಿದ್ದಾರೆ! ನಗು ಮುಗಿಯುವ ಮೊದಲೇ ಅತ್ತೆ ಬಗ್ಗಿ ಹೊಡೆದಾಗಿತ್ತು. ಬಿಳಿ ನನ್ನ ಚೆಂಡುಗಳಿಗೆ ಬೆನ್ನು ತಿರುಗಿಸಿ ಉದ್ದದ ಅಂಚಿಗೆ ಬಡಿಯಿತು, ಅಲ್ಲಿಂದ ಅಡ್ಡ ಅಂಚಿಗೆ, ಅಲ್ಲಿಂದ ಎದುರಿನ ಉದ್ದದ ಅಂಚಿಗೆ. ಮೂರು ಅಂಚು ಮುಗಿಸಿ, ಇಡೀ ಟೇಬಲ್ ದಾಟಿ, ಯಾರೋ ಬೆರಳು ಹಿಡಿದು ಕರೆದುಕೊಂಡು ಹೋದಂತೆ ಹೋಗಿ ಕರಿಯ ಮೈಗೆ ತಾಗಿತು. ಕರಿ ಬಿತ್ತು. ಹೇಳಿದ ಪಾಕೆಟ್ಟಿಗೇ ಬಿತ್ತು!

ಚಾವಣಿ ಹಾರಿಹೋಗುವಂತೆ ಕೂಗು ಎದ್ದಿತು. ಟೈರ್ ಅಂಗಡಿಯವನು ಪೋಸ್ಟ್‌ಮಾಸ್ಟರರನ್ನು ಎತ್ತಿಕೊಂಡ. ನಾನು? ನಾನೂ ಕೂಗುತ್ತಿದ್ದೆ! ಸೋತೆ ಅನ್ನುವುದು ತಲೆಗೆ ಹತ್ತುವ ಮೊದಲೇ ಕೈ ಎರಡೂ ಮೇಲೆ ಹೋಗಿದ್ದವು.

ಬಿಳಿ ಇನ್ನೂ ಉರುಳುತ್ತಿದ್ದುದನ್ನು ಮೊದಲು ನೋಡಿದವನು ಮೀಸೆ. ಅವನು ಕೈ ಎತ್ತಿದ, ಒಬ್ಬೊಬ್ಬರೇ ಸುಮ್ಮನಾದರು. ಕರಿಗೆ ತಾಗಿ ಹಿಂದಿರುಗಿದ ಬಿಳಿ ಅವಸರವೇ ಇಲ್ಲದೆ ಟೇಬಲಿನ ನಡುವಿನ ಪಾಕೆಟ್ಟಿನ ಕಡೆ ಬರುತ್ತಿತ್ತು. "ನಿಲ್ಲು, ನಿಲ್ಲು," ಅಂದರು ಯಾರೋ. ಅದು ಪಾಕೆಟ್ಟಿನ ಅಂಚಿನಲ್ಲಿ ಒಂದು ಕ್ಷಣ ತಡೆದು, ಟಪ್ ಅಂತ ಒಳಗೆ ಬಿತ್ತು.

ಕರಿಯ ಜೊತೆ ಬಿಳಿಯೂ ಬಿದ್ದರೆ ಆಟ ಸೋತಂತೆ. ಇನ್ನು ಒಂದೂ ಹೊಡೆತ ಹೊಡೆಯದೆ ನಾನು ಗೆದ್ದಿದ್ದೆ.

"ಇದನ್ನ ನಾನು ಒಪ್ಪಲ್ಲ," ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಹಳೇ ನಿಯಮದ ಹಾಗೆ ಕರೀನ ವಾಪಸ್ ಇಟ್ಟು ಮುಂದುವರ್ಸೋಣ."

"ಕೈ ಎತ್ತಿದ್ದು ನೀನೇ ಅಲ್ವಾ ತಂಗಿ? ಭಾಷಣ ಬೇರೆ ಮಾಡಿದ್ದೆ," ಅಂದ ಮೀಸೆ.

ಅತ್ತೆ ನಡುವೆ ಬಂದರು. "ನಿಯಮ ಅಂದ್ರೆ ನಿಯಮ. ಗೆದ್ದಿದೀಯ, ಸುಮ್ನೆ ತಗೋ." ನನ್ನ ಕೈ ಹಿಡಿದು ಮೇಲಕ್ಕೆತ್ತಿದರು. ಜನ ಚಪ್ಪಾಳೆ ತಟ್ಟಿದರು, ಇಲ್ಲ ಅನ್ನುವುದಿಲ್ಲ. ಆದರೆ ಚಪ್ಪಾಳೆ ನಿಲ್ಲುವ ಮೊದಲೇ ಎಲ್ಲರೂ ಟೇಬಲಿನ ಸುತ್ತ ಮುಗಿಬಿದ್ದಿದ್ದರು. ಇಲ್ಲಿ ತಾಗಿದ್ದು, ಅಲ್ಲ ಅಲ್ಲಿ ತಾಗಿದ್ದು, ಅಂತ ಹಸಿರು ಬಟ್ಟೆಯ ಮೇಲೆ ಬೆರಳಲ್ಲಿ ದಾರಿ ಎಳೆಯುತ್ತಾ ಜಗಳಕ್ಕೇ ನಿಂತಿದ್ದರು. ಗೆದ್ದವಳು ಗೋಡೆಯ ಪಕ್ಕ ಒಬ್ಬಳೇ. ನನ್ನ ಗಂಡ ಕೂಡ ಗಂಟೆಯನ್ನು ಬೆಂಚಿನ ಮೇಲೆ ಬಿಟ್ಟು ಅಲ್ಲೇ ತಲೆ ತೂರಿಸಿದ್ದ.

ನಾನು ಎಷ್ಟು ಹೊತ್ತು ತಡೆದುಕೊಳ್ಳಲಿ? ನಾಲ್ಕು ಜನರನ್ನು ಮೊಣಕೈಯಲ್ಲಿ ಸರಿಸಿ ಒಳಗೆ ನುಗ್ಗಿದೆ.

"ಅತ್ತೆ, ಹೇಗೆ ಹೊಡೆದ್ರಿ ಅದನ್ನ?"

"ಯಾರಿಗ್ಗೊತ್ತು ಕಣೇ! ಯೋಚನೆ ಮಾಡೋಕೆ ಇವನು ಟೈಮ್ ಕೊಟ್ನಾ?" ಅಂದು ಅತ್ತೆ ಮಗನ ಬೆನ್ನಿಗೊಂದು ಗುದ್ದಿ ಕಿಲಕಿಲ ನಕ್ಕರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಕೂದಲು ಕೆದರಿತ್ತು, ಮುಖದಲ್ಲಿ ಬೆವರು ಹೊಳೆಯುತ್ತಿತ್ತು. "ಇಡು ಬಿಳೀನ, ಇನ್ನೊಂದ್ಸಲ ಬರತ್ತಾ ನೋಡೋಣ."

ನಾನೇ ಕರಿಯನ್ನು ಪಾಕೆಟ್ಟಿನ ಬಾಯಲ್ಲಿಟ್ಟೆ, ಬಿಳಿಯನ್ನು ನನ್ನ ಚೆಂಡುಗಳ ಹಿಂದೆ ಬಚ್ಚಿಟ್ಟೆ, ಕೆಳಗೆ ಕೂತು ಗಲ್ಲವನ್ನು ಟೇಬಲಿನ ಅಂಚಿಗೆ ಆನಿಸಿ ನೋಡತೊಡಗಿದೆ. ಬಯಸಿದ ಜಾಗ ಸಿಕ್ಕಿತ್ತು, ಅತ್ತೆಯನ್ನು ಸೋಲಿಸಿಯೂ ಆಗಿತ್ತು. ಆದರೂ ಆ ಹಾಲಿನಲ್ಲಿ ಅವತ್ತು ನನ್ನಷ್ಟು ಹೊಟ್ಟೆಕಿಚ್ಚು ಪಟ್ಟವರು ಬೇರೆ ಯಾರೂ ಇರಲಿಲ್ಲ.